ಹೆಂಡತಿಯ ಅರ್ಜಿಗೆ ಹದಿನೇಳು ಕಾಮಾ

ಇಂಗ್ಲಿಷ್ ಬರೆಯುವ ಜನರನ್ನೆಲ್ಲ ತಿದ್ದಿ ತೀಡಿ ಸರಿದಾರಿಗೆ ತಂದೇ ತೀರುತ್ತೇನೆ ಎಂದು ನಾನು ಘೋರ ಪ್ರತಿಜ್ಞೆ ಮಾಡಿದ್ದು ಒಂದು ಸೋಮವಾರ ಬೆಳಿಗ್ಗೆ, ಬಾಯಿತುಂಬ ಟೂತ್‌ಪೇಸ್ಟಿನ ನೊರೆ ತುಂಬಿಕೊಂಡಿದ್ದಾಗ. ಕಾರಣ ಆ ಪೇಸ್ಟಿನ ಟ್ಯೂಬೇ! ಅದರ ಮೇಲೆ ಅಚ್ಚಾಗಿದ್ದ ಮೂರು ಸಾಲಿನ ಇಂಗ್ಲಿಷಿನಲ್ಲಿ ಎರಡು ಕಾಮಾ ನಾಪತ್ತೆ, ಒಂದು ಅಪಾಸ್ಟ್ರಫಿ ಬೇಡದ ಕಡೆ ಹಾಜರು. ಕನ್ನಡಿಯಲ್ಲಿ ನನ್ನನ್ನೇ ದಿಟ್ಟಿಸಿ, "ಇನ್ನು ಸಹಿಸುವುದಿಲ್ಲ!" ಎಂದು ಗುಡುಗಿದೆ. ಕನ್ನಡಿಯ ತುಂಬ ನೊರೆ ಹಾರಿತು.

"ಒರೆಸಿ ಬನ್ನಿ," ಎಂದಳು ಅಡುಗೆಮನೆಯಿಂದ ನನ್ನ ಹೆಂಡತಿ. ಗೋಡೆಯಾಚೆಯಿಂದಲೇ ಅವಳಿಗೆ ಹೇಗೆ ಕಾಣಿಸಿತು ಎಂದು ಕೇಳಬೇಡಿ. ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅವಳಿಗೆ ನನ್ನನ್ನು ನೋಡುವ ಅಗತ್ಯವೇ ಬಿದ್ದಿಲ್ಲ.

ನನ್ನ ಉದ್ಯೋಗ ಏನು ಅಂತೀರಾ? ಪ್ರೆಸ್ಸಿನಲ್ಲಿ ಪ್ರೂಫ್ ನೋಡುವುದು. ಶಾಲೆಗಳ ಡೈರಿ, ಔಷಧದ ಡಬ್ಬಿಯೊಳಗೆ ಮಡಚಿಟ್ಟಿರುವ ಚೀಟಿ, ಕಂಪನಿಗಳ ವಾರ್ಷಿಕ ವರದಿ, ಎಲ್ಲವೂ ಅಚ್ಚಾಗುವ ಮೊದಲು ನನ್ನ ಕೆಂಪು ಪೆನ್ನಿನಡಿಯಲ್ಲಿ ತಲೆ ತಗ್ಗಿಸಿ ಹಾಯಲೇಬೇಕು. ಈ ಕಸುಬಿನಲ್ಲಿ ಒಂದು ಗುಟ್ಟಿದೆ. ಓದುವುದನ್ನು ಅರ್ಥ ಮಾಡಿಕೊಳ್ಳಬಾರದು! ಅರ್ಥದ ಬೆನ್ನು ಹತ್ತಿದರೆ ಕಣ್ಣು ಓಡುತ್ತದೆ, ಚುಕ್ಕೆಗಳು ತಪ್ಪಿಸಿಕೊಳ್ಳುತ್ತವೆ. ಹಾಗಾಗಿ ನಾನು ಎಂಟುನೂರು ಪುಟದ ಹೃದ್ರೋಗದ ಪುಸ್ತಕವನ್ನು ಮೂರು ಸಲ ಓದಿ ಮುಗಿಸಿದ್ದೇನೆ. ಹೃದಯ ಎಡಕ್ಕಿದೆಯೋ ಬಲಕ್ಕಿದೆಯೋ ಕೇಳಿದರೆ ಮುಟ್ಟಿ ನೋಡಿಕೊಂಡೇ ಹೇಳಬೇಕು.

ಪ್ರತಿಜ್ಞೆಯಾದ ಮೊದಲ ದಿನವೇ ಯುದ್ಧ ಸಾರಿದೆ. ನಮ್ಮ ಕಟ್ಟಡದ ಲಿಫ್ಟ್ ಕೆಟ್ಟಿತ್ತು. ಕಾರ್ಯದರ್ಶಿಗಳು ಇಂಗ್ಲಿಷಿನಲ್ಲಿ ಒಂದು ನೋಟೀಸು ಅಂಟಿಸಿದ್ದರು: ಲಿಫ್ಟ್ ಕೆಟ್ಟಿದೆ ದಯವಿಟ್ಟು ಮೆಟ್ಟಿಲು ಬಳಸಿ ಸಹಕರಿಸಿ ಧನ್ಯವಾದ. ಎಲ್ಲವೂ ಒಂದೇ ಉಸಿರಿನಲ್ಲಿ, ನಡುವೆ ಒಂದು ಚುಕ್ಕೆಯೂ ಇಲ್ಲದೆ! ನಾನು ಎರಡು ಫುಲ್‌ಸ್ಟಾಪು, ಒಂದು ಕಾಮಾ ದಯಪಾಲಿಸಿದೆ. ಮರುದಿನ ಅವರು ಅದರ ಕೆಳಗೇ, ಇಲ್ಲಿ ಯಾರೂ ಬರೆಯಕೂಡದು ಎಂದು ಬರೆದು, ಪಕ್ಕದಲ್ಲಿ ಮೂರು ಆಶ್ಚರ್ಯಸೂಚಕಗಳನ್ನು ಈಟಿಯ ಹಾಗೆ ನೆಟ್ಟರು. ನಾನು ಎರಡನ್ನು ಹೊಡೆದುಹಾಕಿದೆ. ನಾಲ್ಕು ದಿನ ಕಳೆಯುವಷ್ಟರಲ್ಲಿ ಆ ಕಾಗದ ಎಷ್ಟು ಕೆಂಪಾಯಿತೆಂದರೆ, ಲಿಫ್ಟ್ ರಿಪೇರಿಯಾದ ಸುದ್ದಿಯನ್ನು ಅದರಲ್ಲೇ ಬರೆದಿದ್ದರೂ ಯಾರಿಗೂ ಓದಲಾಗದೆ ಇಡೀ ಕಟ್ಟಡ ಎರಡು ದಿನ ಮೆಟ್ಟಿಲು ಹತ್ತಿತು.

"ರೀ, ನಾಲ್ಕನೇ ಮಹಡಿಯವರು ನನ್ನ ಕಂಡ್ರೆ ಮುಖ ತಿರುಗಿಸ್ತಾರೆ," ಎಂದಳು ಹೆಂಡತಿ.

"ಸಮಾಜ ಸುಧಾರಕರ ಹೆಂಡತಿಯರಿಗೆ ಇದೆಲ್ಲ ಸಾಮಾನ್ಯ ಕಣೇ."

"ಹೌದಾ? ಸಮಾಜ ಆಮೇಲೆ ಸುಧಾರಿಸ್ಲಿ. ಮೊದ್ಲು ಆ ಪಾತ್ರೆ ತೊಳೀರಿ."

ಇರಲಿ, ನಾನು ಹೇಳಹೊರಟಿದ್ದು ಅವಳ ಅರ್ಜಿಯ ಕಥೆ. ನನ್ನ ಹೆಂಡತಿ ನರ್ಸು. ಅವಳ ಆಸ್ಪತ್ರೆ ಊರಿನ ಆ ತುದಿಯಲ್ಲಿ, ನಮ್ಮ ಮನೆ ಈ ತುದಿಯಲ್ಲಿ. ಹೋಗುವಾಗ ಎರಡು ಬಸ್ಸು, ಬರುವಾಗ ಎರಡು ಬಸ್ಸು, ಒಂಬತ್ತು ವರ್ಷದಿಂದ ಇದೇ ಪಾಡು. ಸಂಜೆ ಮನೆಗೆ ಬಂದವಳು ಬಕೆಟ್ಟಿನ ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಕುರ್ಚಿಯಲ್ಲೇ ನಿದ್ದೆ ಹೋಗುತ್ತಾಳೆ. ಅದನ್ನು ಕಂಡಾಗಲೆಲ್ಲ ನನ್ನ ಕರುಳು ಚುರುಕ್ ಎನ್ನುತ್ತದೆ. ಈಗ ನಮ್ಮ ಮನೆಯಿಂದ ಎರಡೇ ಬೀದಿ ದಾಟಿದರೆ ಸಿಗುವ ಆಸ್ಪತ್ರೆಯಲ್ಲಿ ಒಂದು ಜಾಗ ಖಾಲಿಯಾಗಿತ್ತು. ಒಂದೇ ಒಂದು ಜಾಗ! ವರ್ಗಾವಣೆಯ ಅರ್ಜಿಯನ್ನು ಇಂಗ್ಲಿಷಿನಲ್ಲಿ ಟೈಪು ಮಾಡಿಸಿ, ತನ್ನ ಸಹಿ, ಮೇಲಿನವರ ಸಹಿ, ಆಸ್ಪತ್ರೆಯ ಮೊಹರು ಹಾಕಿಸಿ, ಶುಕ್ರವಾರ ಸಂಜೆ ನಾಲ್ಕರೊಳಗೆ ಇಲಾಖೆಯ ಕಚೇರಿಗೆ ಮುಟ್ಟಿಸಬೇಕು. ತಿದ್ದಿದ, ಗೀಚಿದ ಅರ್ಜಿಗಳನ್ನು ತಿರಸ್ಕರಿಸಲಾಗುವುದು ಎಂದು ಬೇರೆ ಆದೇಶ.

ಶುಕ್ರವಾರ ಬೆಳಿಗ್ಗೆ ಅವಳು ಒಂದು ಲಕೋಟೆಯನ್ನು ನನ್ನ ಕೈಗಿಟ್ಟಳು.

"ನನಗೆ ರಜೆ ಕೊಡಲಿಲ್ಲ. ನೀವೇ ಕೊಟ್ಟು, ಸೀಲು ಹಾಕಿಸ್ಕೊಂಡು ಬನ್ನಿ. ಕೊಡೋದು, ಬರೋದು, ಅಷ್ಟೇ."

"ಇಷ್ಟಕ್ಕೆ ಇಷ್ಟು ಹೇಳಬೇಕಾ?"

"ಹೇಳಬೇಕು. ತೆಗೀಬೇಡಿ. ನೋಡಬೇಡಿ. ಆ ಪೆನ್ನು ಇಲ್ಲಿ ಕೊಡಿ."

ಜೇಬಿನಿಂದ ಕೆಂಪು ಪೆನ್ನನ್ನು ತಾನೇ ಕಿತ್ತುಕೊಂಡು ಫ್ರಿಜ್ಜಿನ ಮೇಲಿಟ್ಟಳು. ಪ್ರೂಫ್ ನೋಡುವವನ ಬಳಿ ಒಂದೇ ಪೆನ್ನಿರುತ್ತದೆ ಎಂದು ನಂಬುವ ಮುಗ್ಧರು ಲೋಕದಲ್ಲಿ ಇನ್ನೂ ಇದ್ದಾರಲ್ಲ ಎಂದು ಮನಸ್ಸಿನಲ್ಲೇ ನಕ್ಕೆ. ಚೀಲದಲ್ಲಿ ಎರಡಿದ್ದವು, ಕನ್ನಡಕದ ಡಬ್ಬಿಯಲ್ಲಿ ಒಂದು.

ಪ್ರೆಸ್ಸಿಗೆ ಅರ್ಧ ದಿನ ರಜೆ ಹಾಕಿ ಬಸ್ಸು ಹತ್ತಿದೆ. ಕಿಟಕಿಯ ಪಕ್ಕ ಸೀಟು, ತಣ್ಣನೆಯ ಗಾಳಿ. ಲಕೋಟೆಗೆ ಗೋಂದು ಹಚ್ಚಿರಲಿಲ್ಲ. ದೇವರಾಣೆ ನಾನು ಅದನ್ನು ತೆಗೆಯಲಿಲ್ಲ, ಅದೇ ತೆರೆದುಕೊಂಡಿತು! ಒಂದೇ ಕಣ್ಣಿನಲ್ಲಿ ಇಣುಕಿದೆ. ಮೊದಲನೆಯ ವಾಕ್ಯ ಆರು ಸಾಲು ಉದ್ದ, ಒಂದು ಕಾಮಾ ಇಲ್ಲ! ಆಸ್ಪತ್ರೆಯ ಟೈಪಿಸ್ಟ್ ಮಹಾಶಯ ಚಿಹ್ನೆಗಳನ್ನೆಲ್ಲ ತನ್ನ ಮನೆಗೆ ಹೊತ್ತೊಯ್ದಿದ್ದನೇನೋ. ಮುಂದೇನಾಯಿತು ನನಗೆ ನೆನಪಿಲ್ಲ. ಸೊಳ್ಳೆ ಕಚ್ಚಿದ ಕಡೆಗೆ ಕೈ ತಾನಾಗಿ ಹೋಗುವುದಿಲ್ಲವೇ? ಹಾಗೆ ಕೈ ಕನ್ನಡಕದ ಡಬ್ಬಿಗೆ ಹೋಯಿತು.

ನಾಲ್ಕು ನಿಲ್ದಾಣ ದಾಟುವಷ್ಟರಲ್ಲಿ ಹದಿನೇಳು ಕಾಮಾ, ಎರಡು ಸೆಮಿಕೋಲನ್ನು, ಒಂದು ಹೈಫನ್ನು ಪ್ರತಿಷ್ಠಾಪನೆಗೊಂಡಿದ್ದವು. ಅಂಚಿನ ತುಂಬ ನನ್ನ ಪ್ರಸಿದ್ಧ ಕೊಕ್ಕೆಗಳು, ಸುತ್ತುಗಳು, ಬಾಣಗಳು. ಎಂಥ ಅಂದದ ಕೆಲಸ! ಕೊನೆಗೆ ಅಭ್ಯಾಸಬಲದಿಂದ, ತಿದ್ದಿ ಮತ್ತೆ ತನ್ನಿ ಎಂದು ಬರೆದು ಸಹಿಯನ್ನೂ ಜಡಿದೆ.

ಪಕ್ಕದ ಸೀಟಿನ ಹಿರಿಯರು ಇಷ್ಟು ಹೊತ್ತೂ ಗಮನಿಸುತ್ತಿದ್ದವರು, "ಮೇಷ್ಟ್ರಾ?" ಎಂದರು.

"ಅಲ್ಲ."

"ಮತ್ತೆ ಇದು ಯಾರ ಪೇಪರ್ರು?"

"ನಮ್ಮ ಮನೆಯವಳದ್ದು."

ಅವರು ಆ ಕೆಂಪು ಹಾಳೆಯನ್ನೂ ನನ್ನನ್ನೂ ಒಮ್ಮೆ ನೋಡಿ, ಮರುಕದಿಂದ ಕೇಳಿದರು: "ಫೇಲಾ?"

ಆಗ ಎಚ್ಚರವಾಯಿತು ನೋಡಿ! ಒಂಬತ್ತು ವರ್ಷದ ನಾಲ್ಕು ನಾಲ್ಕು ಬಸ್ಸುಗಳು ಒಟ್ಟಿಗೇ ನನ್ನ ಮೈಮೇಲೆ ಹರಿದ ಹಾಗಾಯಿತು. ಫೇಲಾದವಳು ಅವಳಲ್ಲ, ಅವಳನ್ನು ಫೇಲು ಮಾಡಿದವನು ನಾನು!

ಮುಂದಿನ ನಿಲ್ದಾಣದಲ್ಲಿ ಧುಮುಕಿ ಸ್ಟೇಷನರಿ ಅಂಗಡಿಗೆ ನುಗ್ಗಿದೆ. ಅಕ್ಷರ ಮುಚ್ಚುವ ಬಿಳಿ ದ್ರವದ ಶೀಶೆ ಕೊಂಡು, ಫುಟ್‌ಪಾತಿನ ಕಟ್ಟೆಯ ಮೇಲೆ ಕೂತು ಶುದ್ಧೀಕರಣ ಶುರುಮಾಡಿದೆ. ಬಳಿದೆ, ಕೆಂಪು ಮೇಲೆದ್ದು ಗುಲಾಬಿಯಾಯಿತು. ಇನ್ನೊಂದು ಪದರ ಬಳಿದೆ. ಒಣಗಲಿ ಎಂದು ಬಾಯಿ ಹತ್ತಿರ ತಂದು ಊದಿದೆ, ಮೀಸೆಯ ಅರ್ಧಭಾಗ ಅರ್ಜಿಗೆ ಅಂಟಿಕೊಂಡಿತು. ಬಿಡಿಸಿಕೊಳ್ಳುವ ಗಡಿಬಿಡಿಯಲ್ಲಿ ಶೀಶೆ ಮಗುಚಿತು. ಕೊನೆಗೆ ಅರ್ಜಿ ಹೋಗಿ ಸುಣ್ಣ ಬಳಿದ ಗೋಡೆಯ ಚೂರಿನಂತಾಯಿತು. ಎತ್ತಿ ಹಿಡಿದರೆ ನೆಟ್ಟಗೆ ನಿಲ್ಲುತ್ತಿತ್ತು! ಮಡಚಲು ಹೋದರೆ ಚಕ್ಕೆ ಚಕ್ಕೆಯಾಗಿ ಎದ್ದು, ಪ್ರತಿ ಚಕ್ಕೆಯ ಜೊತೆಗೂ ಅವಳ ಒಂದೊಂದು ಅಕ್ಷರ ಹಾರಿಹೋಗುತ್ತಿತ್ತು.

ಸೋತು ಸುಮ್ಮನಾಗುವ ಜಾಯಮಾನ ನನ್ನದಲ್ಲ. ಅರ್ಜಿಯನ್ನು ಹೊಸದಾಗಿ ಟೈಪು ಮಾಡಿಸುವುದು, ಆಸ್ಪತ್ರೆಗೆ ಹೋಗಿ ಮೇಲಿನವರ ಸಹಿ ಮೊಹರು ಪಡೆಯುವುದು, ಕೊನೆಗೆ ಹೆಂಡತಿಯ ಮುಂದೆ ಹಿಡಿದು, ಎರಡು ಪ್ರತಿ ಬೇಕಂತೆ ಎಂದು ಒಂದು ಸಣ್ಣ ಸುಳ್ಳು ಹೇಳಿ ಅವಳ ಸಹಿಯನ್ನೂ ಹಾಕಿಸುವುದು. ಎಂಥ ಯೋಜನೆ! ನನ್ನ ಬುದ್ಧಿಗೆ ನಾನೇ ತಲೆದೂಗಿದೆ.

ಬೀದಿಯ ತಿರುವಿನಲ್ಲೇ ಟೈಪಿಂಗ್ ಅಂಗಡಿ ಇತ್ತು. ಅಂಗಡಿಯ ಅಕ್ಕ ಸುಣ್ಣದ ಹಾಳೆಯನ್ನು ಬೆಳಕಿಗೆ ಹಿಡಿದು, ಉದುರಿದ ಅಕ್ಷರಗಳನ್ನು ಊಹಿಸಿಕೊಂಡು, ನಾನು ಬಾಯಲ್ಲೇ ಹೇಳಿದ ಕಾಮಾಗಳನ್ನು ಸೇರಿಸಿಕೊಂಡು, ಟಪಟಪ ಬಡಿಯತೊಡಗಿದರು. ನಡುವೆ ಒಮ್ಮೆ ಕೈ ನಿಲ್ಲಿಸಿ ನನ್ನತ್ತ ತಿರುಗಿದರು.

"ಈ ಸಿಸ್ಟರ್ ಯಜಮಾನ್ರು ನೀವೇನಾ ಸಾರ್?"

"ಹೌದಮ್ಮ."

"ಜೊತೆಗೆ ಯಾರೂ ಬಂದಿಲ್ವಾ? ಒಬ್ಬರೇ ಬಂದ್ರಾ?" ಎಂದು ಎದ್ದು ಬಂದು ಸ್ಟೂಲು ಹಾಕಿ, ಫ್ಯಾನು ತಿರುಗಿಸಿ, ಕುಡಿಯಲು ನೀರು ಕೊಟ್ಟರು. ಎಷ್ಟು ಒಳ್ಳೆಯ ಹೆಂಗಸು ಎಂದುಕೊಂಡೆ.

ಐದೇ ನಿಮಿಷದಲ್ಲಿ ಹಾಳೆ ಸಿದ್ಧ. ಅಲ್ಲಿಗೆ ತೆಗೆದುಕೊಂಡು ಓಡಬೇಕಿತ್ತು ತಾನೇ? ಓಡಿದರೆ ನಾನು ನಾನೇ ಅಲ್ಲ! ಕಣ್ಣಾಡಿಸಿದೆ. ಎರಡನೆಯ ಪ್ಯಾರಾದಲ್ಲಿ ಸೆಮಿಕೋಲನ್ನಿನ ಜಾಗದಲ್ಲಿ ಕಾಮಾ ಕೂತಿತ್ತು. ಕೈ ತಾನಾಗಿ ಪೆನ್ನಿಗೆ ಹೋಯಿತು. ಇನ್ನೊಂದು ಪ್ರತಿ. ಅದರಲ್ಲಿ ಸೆಮಿಕೋಲನ್ ಬಂದಿತ್ತು, ಆದರೆ ಅದರ ಹಿಂದೆ ಒಂದು ಕೂದಲೆಳೆ ಜಾಗ ಹೆಚ್ಚು. ಮತ್ತೆ ಕೆಂಪು. ಮೂರನೆಯದಕ್ಕೆ ಅಕ್ಕ ನನ್ನ ಎರಡೂ ಕೈಗಳಿಗೆ ನೀರಿನ ಲೋಟ ಹಿಡಿಸಿ, ಹಾಳೆಯನ್ನು ತಾವೇ ಲಕೋಟೆಗೆ ಹಾಕಿ, ಅದರ ಬಾಯಿಗೆ ಗೋಂದು ಮೆತ್ತಿದರು. "ನೀವು ಹುಷಾರಾಗಿ ಹೋಗಿ ಸಾರ್. ರಸ್ತೆ ದಾಟೋವಾಗ ಎರಡೂ ಕಡೆ ನೋಡಿ," ಎಂದರು.

ಆಸ್ಪತ್ರೆಯ ಬಾಗಿಲಿಗೆ ಬಂದಾಗ ಎರಡು ಗಂಟೆ. ಬಾಗಿಲಲ್ಲಿ ಕಾವಲುಗಾರ.

"ಈಗ ಪೇಷಂಟು ಬಿಟ್ರೆ ಬೇರೆ ಯಾರನ್ನೂ ಬಿಡಲ್ಲ."

ಸಿಸ್ಟರ್ ಗಂಡ ಎಂದರೆ ಎರಡೇ ನಿಮಿಷದಲ್ಲಿ ಸುದ್ದಿ ಅವಳ ಕಿವಿಗೆ ಬೀಳುತ್ತದೆ. "ನಾನೇ ಪೇಷಂಟು," ಎಂದುಬಿಟ್ಟೆ.

"ಏನು ತೊಂದ್ರೆ?"

"ಎದೆ ಬಡ್ಕೊಳ್ತಿದೆ, ಕೈಕಾಲು ನಡುಗ್ತಿದೆ, ಬೆವರ್ತಿದೆ."

ಒಂದಕ್ಷರ ಸುಳ್ಳಿರಲಿಲ್ಲ! ಆತ ಸೀಟಿ ಊದಿದ. ಎಲ್ಲಿಂದಲೋ ಗಾಲಿಕುರ್ಚಿ ಬಂತು, ಎಲ್ಲಿಂದಲೋ ನಾಲ್ಕು ಕೈಗಳು ಬಂದವು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಅಂಗಿ ಪ್ಯಾಂಟು ಹೋಗಿ ಹಿಂದೆ ಲಾಡಿ ಕಟ್ಟುವ ಹಸಿರು ನಿಲುವಂಗಿ ಬಂದಿತ್ತು, ಮಣಿಕಟ್ಟಿಗೆ ನಂಬರಿನ ಪಟ್ಟಿ ಬಿದ್ದಿತ್ತು. ಯಾರೋ ರಕ್ತದೊತ್ತಡ ನೋಡಿ, "ಅಯ್ಯಯ್ಯೋ" ಎಂದರು.

"ನನಗೇನೂ ಆಗಿಲ್ಲ ಕಣಮ್ಮ! ನನಗೆ ಬೇಕಾಗಿರೋದು ಒಂದೇ ಒಂದು ಸಹಿ!"

"ಆಯ್ತು ಸಾರ್, ಆಯ್ತು. ಕೊಡೋಣ, ಮಲ್ಕೊಳ್ಳಿ." ಆಮೇಲೆ ಪಕ್ಕದವಳಿಗೆ ಮೆಲ್ಲಗೆ: "ಏನೇನೋ ಮಾತಾಡ್ತಿದ್ದಾರೆ ನೋಡು. ಬರ್ಕೋ."

ಬರೆದುಕೊಂಡು, ಆ ಚೀಟಿಯನ್ನು ಹಾಸಿಗೆಯ ಕಾಲ ಬಳಿ ತೂಗುಹಾಕಿ ಹೋದರು. ಎದೆಯ ಮೇಲೆ ಲಕೋಟೆ ಒತ್ತಿಹಿಡಿದು ಮಲಗಿದೆ. ಎದುರಿನ ಗಡಿಯಾರದಲ್ಲಿ ಎರಡೂವರೆ. ಎದ್ದು ಓಡೋಣವೆಂದರೆ ನಿಲುವಂಗಿಗೆ ಹಿಂಭಾಗವೇ ಇಲ್ಲ! ಕಾಲ ಬಳಿ ತೂಗುತ್ತಿದ್ದ ಆ ಚೀಟಿ ಮಾತ್ರ ನನ್ನನ್ನೇ ನೋಡುತ್ತಿತ್ತು. ನೋಡಬಾರದು ಎಂದು ಗೋಡೆಗೆ ತಿರುಗಿದೆ. ಮತ್ತೆ ಈ ಕಡೆ ಹೊರಳಿದೆ. ನನ್ನ ರೋಗಲಕ್ಷಣಗಳನ್ನು ಇಂಗ್ಲಿಷಿನಲ್ಲಿ ಸಾಲಾಗಿ ಬರೆದಿದ್ದರು, ನಡುವೆ ಒಂದು ಕಾಮಾ ಇರಲಿಲ್ಲ. ನನ್ನದೇ ಕಾಯಿಲೆ, ಅದೂ ಅಶುದ್ಧವಾಗಿ! ಯಾವ ಮಾನವಂತ ಸಹಿಸುತ್ತಾನೆ? ದಿಂಬಿನ ಪಕ್ಕದಲ್ಲಿದ್ದ ಕನ್ನಡಕದ ಡಬ್ಬಿಗೆ ಕೈ ಮತ್ತೆ ತಾನಾಗಿ ಹೋಯಿತು.

ಸುಮಾರು ಇಪ್ಪತ್ತು ನಿಮಿಷವಾಗಿರಬೇಕು. ಬಾಗಿಲ ಬಳಿ ಪರಿಚಿತ ಚಪ್ಪಲಿಯ ಸದ್ದು. ಹೊದಿಕೆಯನ್ನು ತಲೆಯವರೆಗೆ ಎಳೆದುಕೊಂಡೆ. ಸದ್ದು ನನ್ನ ಹಾಸಿಗೆಯ ಕಾಲ ಬಳಿ ಬಂದು ನಿಂತಿತು. ಚೀಟಿ ತೆಗೆದ ಸಪ್ಪಳ.

"ಈ ಕೊಕ್ಕೆ ಎಲ್ಲೋ ನೋಡಿದೀನಲ್ಲ," ಎಂದಳು ನನ್ನ ಹೆಂಡತಿ. "ಮುಸುಕು ತೆಗೀರಿ."

"ಪೇಷಂಟಿಗೆ ವಿಶ್ರಾಂತಿ ಬೇಕು," ಎಂದೆ ಒಳಗಿಂದ, ದನಿ ಬದಲಿಸಿ.

"ರೀ!"

ಮುಸುಕು ತೆಗೆದೆ. ಅವಳ ಕಣ್ಣಲ್ಲಿ ಮೊದಲು ಕಂಡದ್ದು ಗಾಬರಿ. "ಏನಾಯ್ತು ನಿಮಗೆ? ಎದೆನೋವಾ?" ಎಂದು ನಾಡಿ ಹಿಡಿದಳು. ಆ ಗಾಬರಿ ನೋಡಿ ನನಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ. ಬಸ್ಸು, ಹದಿನೇಳು ಕಾಮಾ, ಬಿಳಿ ಬಣ್ಣ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿದೆ. ನಡುವೆ ಒಂದು ಫುಲ್‌ಸ್ಟಾಪನ್ನೂ ಇಡಲಿಲ್ಲ.

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹಾಸಿಗೆಯ ಅಂಚಿನಲ್ಲಿ ಕೂತು, "ಒಂಬತ್ತು ವರ್ಷ ಆಯ್ತು ಕಣ್ರೀ," ಎಂದಷ್ಟೇ ಹೇಳಿ ಗಡಿಯಾರ ನೋಡಿದಳು. ಮೂರು ಗಂಟೆ. ನನಗೆ ಭೂಮಿ ಬಾಯ್ಬಿಡಬಾರದೇ ಎನಿಸಿತು.

ಅಷ್ಟರಲ್ಲಿ ಒಳಗೆ ಬಂದವರು ದೊಡ್ಡ ಸಿಸ್ಟರ್. ಇಡೀ ಆಸ್ಪತ್ರೆಯ ನರ್ಸುಗಳು ಇವರ ಹೆಸರು ಕೇಳಿದರೆ ಗಡಗಡ ನಡುಗುತ್ತಾರೆ. ಆ ದಿನಕ್ಕೆ ನನ್ನ ಹೆಂಡತಿಗೆ ಒಂದು ಗಂಟೆ ರಜೆಯನ್ನೂ ಕೊಡದವರು ಇವರೇ. "ಏನಿದು ಗಲಾಟೆ?" ಎಂದು ನನ್ನ ಕೈಯಿಂದ ಲಕೋಟೆ ಕಸಿದು, ಹರಿದು, ಅರ್ಜಿ ತೆಗೆದು ಓದಿದರು. ಓದುತ್ತಾ ಓದುತ್ತಾ ಕಣ್ಣೆತ್ತಿ ನನ್ನನ್ನು ನೋಡಿದರು. ಮತ್ತೆ ಓದಿದರು. ತೂಗುಹಾಕಿದ್ದ ಕೆಂಪು ಚೀಟಿಯನ್ನು ನೋಡಿದರು. ನನ್ನ ಬಿಳಿ ಮೀಸೆಯನ್ನು ನೋಡಿದರು.

"ಇವರೇನಾ ನಿನ್ನ ಯಜಮಾನ್ರು?"

"ಹೌದು ಸಿಸ್ಟರ್."

"ಅಯ್ಯೋ ಪಾಪ! ಮೊನ್ನೆ ಸಹಿ ಹಾಕಿಸ್ಕೊಂಡಾಗ ನಾನು ಸುಮ್ನೆ ಬರ್ದಿದೀಯ ಅಂದ್ಕೊಂಡೆ ಕಣಮ್ಮ." ನಿಂತಲ್ಲೇ ಸಹಿ ಹಾಕಿ, ಮೊಹರು ತರಿಸಿ ಗುದ್ದಿದರು. ನನ್ನ ಹೆಂಡತಿಯೂ ಸಹಿ ಹಾಕಿದಳು. "ಹೋಗು, ವಾರ್ಡ್ ನಾನು ನೋಡ್ಕೋತೀನಿ. ಇವರನ್ನ ಮಾತ್ರ ಒಬ್ಬರೇ ಕಳಿಸ್ಬೇಡ," ಎಂದರು. ನಡುಗಿಸುವ ಹೆಂಗಸಿನ ಮನಸ್ಸು ಬೆಣ್ಣೆ ಎಂದು ನನಗೆ ಆಗಲೇ ಗೊತ್ತಾದದ್ದು.

ಬಟ್ಟೆ ಎಲ್ಲಿಟ್ಟಿದ್ದಾರೆಂದು ಹುಡುಕಲು ಸಮಯವಿರಲಿಲ್ಲ. ನಿಲುವಂಗಿಯ ಹಿಂಭಾಗಕ್ಕೆ ಒಂದು ಟವಲು ಸಿಕ್ಕಿಸಿಕೊಂಡು ಓಡಿದೆ. ಟ್ಯಾಕ್ಸಿಯಲ್ಲಿ ಅವಳು ಅರ್ಜಿಯನ್ನು ಕಿಟಕಿಯ ಕಡೆಯ ಕೈಯಲ್ಲಿ ಹಿಡಿದು, ಈ ಕಡೆಯ ಕೈಯಿಂದ ನನ್ನ ಎರಡೂ ಕೈಗಳನ್ನು ಅದುಮಿ ಹಿಡಿದಿದ್ದಳು. ಮದುವೆಯಾದ ಹೊಸದರಲ್ಲಿಯೂ ಅವಳು ನನ್ನ ಕೈಯನ್ನು ಇಷ್ಟು ಗಟ್ಟಿಯಾಗಿ ಹಿಡಿದದ್ದಿಲ್ಲ.

ಇಲಾಖೆಯ ಕಚೇರಿಯ ಮೂರನೆಯ ಮಹಡಿ ತಲುಪಿದಾಗ ನಾಲ್ಕಕ್ಕೆ ಎಂಟು ನಿಮಿಷ. ದಪ್ಪ ಕನ್ನಡಕದ ಅಧಿಕಾರಿ ಡ್ರಾಯರಿಗೆ ಬೀಗ ಹಾಕುವವರಿದ್ದರು. ಮೇಜಿನ ಮೇಲೆ ಅದೇ ಜಾಗಕ್ಕೆ ಬಂದ ಅರ್ಜಿಗಳ ಒಂದು ಗುಡ್ಡೆ. ನಮ್ಮದನ್ನು ತೆಗೆದುಕೊಂಡು, ಬೆರಳಿಟ್ಟು, ಪ್ರತಿ ಕಾಮಾಗೂ ಉಸಿರು ತೆಗೆದುಕೊಂಡು ಓದಿದರು. ಎಂಥ ಸುಸಂಸ್ಕೃತ ಮನುಷ್ಯ! ನನ್ನ ಎದೆ ಉಬ್ಬಿತು. ಓದಿದ್ದನ್ನು ಅವರು ನಮಗೂ ಕೇಳುವಂತೆ ಕನ್ನಡದಲ್ಲಿ ಹೇಳತೊಡಗಿದರು.

"ವರ್ಗಾವಣೆಗೆ ಕಾರಣ... ನನ್ನ ಪತಿಯನ್ನು ಬಹಳ ಹೊತ್ತು ಒಬ್ಬರನ್ನೇ ಬಿಡುವುದು ಅವರಿಗೂ ಕ್ಷೇಮವಲ್ಲ, ಅಕ್ಕಪಕ್ಕದವರಿಗೂ ಕ್ಷೇಮವಲ್ಲ. ಅವರು ಏನಾದರೂ ಮಾಡಿಕೊಂಡರೆ ಎರಡು ನಿಮಿಷದಲ್ಲಿ ಓಡಿಬರುವಷ್ಟು ಹತ್ತಿರ ನಾನು ಇರಬೇಕಾಗಿದೆ..."

"ಎಲ್ಲಿ? ಎಲ್ಲಿದೆ ಅದು?" ನಾನು ಮೇಜಿನ ಮೇಲೆ ಬಗ್ಗಿದೆ.

ಎರಡನೆಯ ಪ್ಯಾರಾ! ಬೆಳಗಿನಿಂದ ಮೂರು ಸಲ ಅದರ ಮೇಲೆ ಕಣ್ಣಾಡಿಸಿ, ಅದೊಂದರಲ್ಲೇ ಒಂಬತ್ತು ಕಾಮಾ ಹಾಕಿದ್ದೆ. ಅದರಲ್ಲಿದ್ದದ್ದು ನಾನು ಎಂದು ಮಾತ್ರ ಗೊತ್ತಾಗಿರಲಿಲ್ಲ!

"ಏನೇ ಇದು?" ಎಂದು ಪಿಸುಗುಟ್ಟಿದೆ.

"ಸುಮ್ನಿರಿ," ಎಂದಳು.

ಅಧಿಕಾರಿ ಅರ್ಜಿಯನ್ನು ಮೇಜಿನ ಮೇಲಿಟ್ಟು ತಲೆಯಾಡಿಸಿದರು. "ನೋಡಮ್ಮ, ಅತ್ತೆಗೆ ಹುಷಾರಿಲ್ಲ, ಗಂಡನಿಗೆ ಹುಷಾರಿಲ್ಲ ಅಂತ ಎಲ್ಲರೂ ಬರೀತಾರೆ. ಇಂಥ ಕಾರಣಕ್ಕೆ ದಾಖಲೆ ಬೇಕು. ಲಗತ್ತಿಸಿದ್ದೀರಾ?"

ದಾಖಲೆ! ಗಡಿಯಾರದಲ್ಲಿ ನಾಲ್ಕಕ್ಕೆ ಮೂರು ನಿಮಿಷ. ಇಷ್ಟೆಲ್ಲ ಮಾಡಿ, ಇಷ್ಟು ದೂರ ಬಂದು, ಒಂದು ಕಾಗದದ ಚೂರಿಗಾಗಿ ಎಲ್ಲ ಹೋಯಿತಲ್ಲ ಎಂದು ನನ್ನ ಕಣ್ಣಲ್ಲಿ ನೀರೇ ಬಂತು.

ಹೆಂಡತಿ ತನ್ನ ಬೆನ್ನ ಹಿಂದೆ ನಿಂತಿದ್ದ ನನ್ನನ್ನು ತೋಳು ಹಿಡಿದು ಒಂದು ಹೆಜ್ಜೆ ಮುಂದಕ್ಕೆ ತಂದು, ಬೆಳಕಿಗೆ ನಿಲ್ಲಿಸಿದಳು.

ಅಧಿಕಾರಿ ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ಸುಣ್ಣದ ಮೀಸೆ, ಹಸಿರು ನಿಲುವಂಗಿ, ಮಣಿಕಟ್ಟಿನ ನಂಬರು, ಬೆರಳುಗಳ ತುಂಬ ಕೆಂಪು ಇಂಕು, ಹಿಂದೆ ಜಾರುತ್ತಿದ್ದ ಟವಲು, ಎಲ್ಲವನ್ನೂ ಒಂದೊಂದಾಗಿ ನಿಧಾನವಾಗಿ ನೋಡಿದರು.

"ಇವರೇನಾ?"

"ಇವರೇ ಸಾರ್."

"ಇಂಥದ್ದನ್ನ ಕಾಯಿಸೋಕಾಗಲ್ಲಮ್ಮ. ಸೋಮವಾರವೇ ಆರ್ಡರ್ ಮಾಡಿಸ್ತೀನಿ," ಎಂದವರೇ ಅರ್ಜಿಯ ಅಂಚಿನಲ್ಲಿ ದೊಡ್ಡ ಅಕ್ಷರಗಳಲ್ಲಿ ಇಂಗ್ಲಿಷಿನಲ್ಲಿ ಬರೆದರು: ಮೂಲ ದಾಖಲೆಯನ್ನು ಖುದ್ದಾಗಿ ಪರಿಶೀಲಿಸಲಾಗಿದೆ. ಅದರ ಮೇಲೆ ಧಡ್ ಎಂದು ಸೀಲು ಬಿತ್ತು.

ಆ ಸಾಲಿನ ಕೊನೆಗೆ ಫುಲ್‌ಸ್ಟಾಪ್ ಇರಲಿಲ್ಲ. ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಒಳ್ಳೆಯ ದಾಖಲೆಯ ಹಾಗೆ, ಸುಮ್ಮನೆ ನಿಂತಿದ್ದೆ.